ಒಮ್ಮೆ ಕೂಗಿ ಸುಮ್ಮನಾದ ಅಲಾರಂ

ಮರೆವಿನ ಕಾಯಿಲೆಗೆ ಶಿವಮೊಗ್ಗದಲ್ಲಿ ಒಳ್ಳೆಯ ಡಾಕ್ಟರ್ ಯಾರಿದ್ದಾರೆ ಎಂದು ಗೆಳತಿ ಯಶೋಧರಾ ಫೋನ್ ಮಾಡಿದಾಗ ನಾನು ಗಾಂಧಿ ಬಜಾರಿನಲ್ಲಿ ಪರದೆ ಬಟ್ಟೆ ಆರಿಸುತ್ತಿದ್ದೆ. ಕಾಯಿಲೆ ಭದ್ರಾವತಿಯಲ್ಲಿರುವ ಅವಳ ಅಪ್ಪ ನಾಗಯ್ಯನವರಿಗಂತೆ. ಅವಳು ಆಫೀಸಿಗೆ ಹೋದಾಗ ಮಧ್ಯಾಹ್ನದ ಮಾತ್ರೆ ತಪ್ಪಿಸಿ, ಫಿಟ್ಸ್ ಬಂದು, ಹಜಾರದಲ್ಲಿ ಬಿದ್ದು ಹಣೆ ಒಡೆದುಕೊಂಡಿದ್ದಾರೆ. ಕೇಳಿದರೆ ಅಲಾರಂ ಹೊಡೆಯಲೇ ಇಲ್ಲ ಅನ್ನುತ್ತಾರಂತೆ. ಬೀಗದ ಕೈ, ಸೈಕಲ್ಲು ಎರಡನ್ನೂ ಕಿತ್ತಿಟ್ಟಿದ್ದೀನಿ, ಕೆಲಸ ಬಿಟ್ಟು ಕಾಯಬೇಕೇನೋ ಎಂದು ಅತ್ತಳು.

ಕೈಯಿಂದ ಬಟ್ಟೆ ಜಾರಿತು ಅಂದರೆ ನಾಟಕವಾಗುತ್ತದೆ, ಜಾರಲಿಲ್ಲ. ಮೀಟರಿಗೆ ಎಷ್ಟು ಎಂದು ಕೂಡ ಕೇಳಿದೆ. ಆಮೇಲೆ ಬಟ್ಟೆಯನ್ನು ಅಲ್ಲೇ ಬಿಟ್ಟು ಅಂಗಡಿಯಿಂದ ಹೊರಗೆ ಬಂದೆ.

ಆ ಅಲಾರಂ ನಮ್ಮದು. ನನ್ನ ಗಂಡ ವಿಜಯೇಂದ್ರ ಬಿಡುವಿನಲ್ಲಿ ಮಾಡಿ, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಕೋಡ್ ಸಮೇತ ಊರಿಗೆಲ್ಲ ಕೊಟ್ಟ ಉಚಿತ ಆ್ಯಪ್. ಅದರಲ್ಲಿ ಬರುವ ಕನ್ನಡವೆಲ್ಲ ನಾನು ಬರೆದದ್ದು. ಮಾತ್ರೆಯ ಹೊತ್ತಿಗೆ ಶುರುವಾದರೆ, ಬಂದು ಒತ್ತುವವರೆಗೂ ಕೂಗುವುದು ಅದರ ಗುಣ. ಕಿವಿ ಮಂದವಾದ ನಾಗಯ್ಯನವರಿಗೆ ಇದೇ ಸರಿ ಎಂದು ಅವರ ಫೋನಿಗೆ ಹಾಕಿಕೊಟ್ಟವಳೂ ನಾನೇ.

ಕಳೆದ ತಿಂಗಳು ಆ ಗುಣವನ್ನೇ ಬದಲಾಯಿಸಿದೆವು. ಮೀಟಿಂಗಿನಲ್ಲಿ ಮಾನ ಹೋಯಿತು, ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡಿದರು ಎಂದು ಬಹಳ ಜನ ಗೊಣಗಿದ್ದರು. ಒಮ್ಮೆ ಕೂಗಿ ತಾನೇ ಸುಮ್ಮನಾಗಲಿ, ಮೊದಲಿನಂತೆ ಬೇಕಾದವರು ಸೆಟ್ಟಿಂಗಿಗೆ ಹೋಗಿ ಇಟ್ಟುಕೊಳ್ಳಲಿ ಎಂದುಕೊಂಡೆವು. ಆದರೆ ಈ ಸಲದ ಅಪ್‌ಡೇಟಿನಲ್ಲಿ ಬರೀ ಎಚ್ಚರಿಕೆ ಕೊಡೋಣ, ಹಳೆಯದೇ ಇರಲಾ ಎಂದು ಪ್ರತಿಯೊಬ್ಬರನ್ನೂ ಕೇಳೋಣ, ಬದಲಾವಣೆ ಮುಂದಿನ ಸಲ ಎಂದ ವಿಜಯೇಂದ್ರ. ಆ ಎಚ್ಚರಿಕೆ ಬರೆದುಕೊಡು ಎಂದು ನನ್ನ ಮುಂದೆ ಲ್ಯಾಪ್‌ಟಾಪ್ ಹಿಡಿದ. ಅವತ್ತು ನಾದಿನಿಯ ಮನೆಯವರು ಬಂದಿದ್ದರು. ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೊರಟಿದ್ದೆವು, ತಡವಾದರೆ ಆನೆಗಳ ಸ್ನಾನ ಮುಗಿದುಹೋಗುತ್ತಿತ್ತು.

“ಯಾರು ಓದ್ತಾರೆ ಮಾರಾಯ ಅದನ್ನ? ಬದಲಾಯ್ಸಿ ಕಳಿಸ್ಬಿಡು ಅತ್ಲಾಗೆ,” ಎಂದೆ.

ಕಳಿಸಿದ. ಫೋನುಗಳು ತಾವಾಗಿಯೇ ಹೊಸದನ್ನು ಹಾಕಿಕೊಂಡವು. ನಾವು ಆನೆ ನೋಡಿ, ಫೋಟೋ ತೆಗೆಸಿಕೊಂಡು ಬಂದೆವು.

ಡಾಕ್ಟರ ಹೆಸರು ಹೇಳಿ ಸುಮ್ಮನಿದ್ದುಬಿಡಬಹುದಿತ್ತು. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳು. ವಿಜಯೇಂದ್ರನಿಗೆ ಹೇಳಿದೆ. ಅವನು ಎಲ್ಲರ ಫೋನಿಗೂ ಹಳೆಯದನ್ನೇ ವಾಪಸ್ ಕಳಿಸಿ, ಬೆಳಿಗ್ಗೆ ಭದ್ರಾವತಿಗೆ ಹೋಗೋಣ ಎಂದ. ಓಲ್ಡ್ ಟೌನಿನ ಆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೂ ನನಗೆ ವಾಪಸ್ ಹೋಗೋಣ ಅನ್ನಿಸುತ್ತಿತ್ತು, ಥೂ.

ನಾಗಯ್ಯನವರು ಹಣೆಗೆ ಪಟ್ಟಿ ಹಾಕಿಕೊಂಡು ಕೂತಿದ್ದರು. ಸದಾ ಕೀಟಲೆ ಮಾಡುವ ಮನುಷ್ಯ, ಈಗ ನೀರು ಕುಡಿಯಲೂ ಮಗಳ ಮುಖ ನೋಡುತ್ತಿದ್ದರು. ನನ್ನನ್ನು ಶೀತಲ್ ಎಂದು ಸರಿಯಾಗಿಯೇ ಕರೆದು, ಸರಿ ತಾನೇ ಎಂದು ಅವಳನ್ನು ಕೇಳಿದರು.

ಅವರ ಕಿವಿಯ ಹತ್ತಿರ ಬಗ್ಗಿ ಜೋರಾಗಿ ಹೇಳಿದೆ. “ಅಪ್ಪಾಜಿ, ಅಲಾರಂ ಬದಲಾಯಿಸಿದ್ದು ನಾವು. ನಿಮಗೆ ಹೇಳ್ಲೇ ಇಲ್ಲ. ಅದು ಒಂದ್ಸಲ ಕೂಗಿ ನಿಂತುಬಿಡ್ತಿತ್ತು, ನಿಮಗೆ ಕೇಳೋ ಹಂಗೇ ಇರ್ಲಿಲ್ಲ. ನಿಮ್ಮ ತಲೆ ಸರಿಯಾಗೇ ಇದೆ. ತಪ್ಪು ನಂದು.”

ತಪ್ಪು ಇಬ್ಬರದೂ ಎಂದು ವಿಜಯೇಂದ್ರ ಸೇರಿಸಿದ. ಯಶೋಧರಾ ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಗೋಡೆಗೆ ಒರಗಿ ಕೂತುಬಿಟ್ಟಳು.

“ನಿನ್ನೆ ನನ್ನ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿ ಅಂದೆ ಕಣೇ, ಹೊಡೀಲಿಲ್ಲ ಅಂತ. ಕೈ ಎತ್ತಿದ್ರು. ಆಮೇಲೆ ಇಳಿಸಿಬಿಟ್ರು. ಹೊಡೆದಿತ್ತೇನೋಮ್ಮ, ನಂಗೇ ಗೊತ್ತಾಗ್ತಿಲ್ಲ ಅಂದ್ರು.”

ನಾಗಯ್ಯನವರು ಹಣೆಯ ಪಟ್ಟಿ ಮುಟ್ಟಿಕೊಂಡು, “ನನ್ನ ಸಮಾಧಾನಕ್ಕೆ ಹೇಳ್ತಿದೀಯ ಅಲ್ವೇನಮ್ಮ?” ಎಂದರು.

ಇಲ್ಲ ಅಪ್ಪಾಜಿ, ನಿಜವಾಗಿಯೂ ಹಾಗೇ ಆದದ್ದು ಎಂದೆ. ಮತ್ತೆ ಮತ್ತೆ ಹೇಳಿದೆ. ಅವರು ನನ್ನ ಕೈ ತಟ್ಟಿ, ಮಗಳ ಕಡೆ ತಿರುಗಿ, ಆ ಮರೆವಿನ ಡಾಕ್ಟರ ಹತ್ತಿರ ಯಾವತ್ತು ಹೋಗೋದು ಎಂದು ಕೇಳಿದರು.