ಜೆಂಟಲ್‌ಮನ್ ಮೀನು

ಇಂಜಿನಿಯರ್ ತಿಪ್ಪೇರುದ್ರಸ್ವಾಮಿಯವರು ಜಗಳೂರು ಕಡೆಯವರು. ಹುಟ್ಟಿದಾಗಿನಿಂದ ನೀರನ್ನು ಕೊಡದಲ್ಲಿ ನೋಡಿದ್ದೇ ಹೆಚ್ಚು. ಅಂಥವರಿಗೆ ಮೀನಿನ ಹುಚ್ಚು ಹತ್ತಿದ್ದು ಚಿಕ್ಕಮಗಳೂರಿನಲ್ಲಿ ಕೆಲಸದಲ್ಲಿದ್ದಾಗ. ಕಾಫಿ ತೋಟದ ಮುದಿ ಇಂಗ್ಲಿಷ್ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಗಾಳದ ಕೋಲನ್ನೂ, ಮೀನನ್ನು ಮರುಳು ಮಾಡಲು ಕೋಳಿಪುಕ್ಕ ಸುತ್ತಿ ಮಾಡಿದ ಒಂದು ಡಬ್ಬಿ ಸುಳ್ಳು ನೊಣಗಳನ್ನೂ ಇವರ ಕೈಗಿಟ್ಟು ಹೋಗಿದ್ದ. ಜೊತೆಗೆ ಜಂಬವನ್ನೂ ಬಿಟ್ಟುಹೋಗಿದ್ದನೇನೋ. ಹೊನ್ನಾಳಿಗೆ ವರ್ಗವಾಗಿ ಬಂದ ಸಾಹೇಬರು ತುಂಗಭದ್ರೆಯ ಮೀನನ್ನು ಮೂಸಿಯೂ ನೋಡಲಿಲ್ಲ. “ಟ್ರೌಟ್ ಒಂದೇ ಜೆಂಟಲ್‌ಮನ್ ಮೀನು. ಉಳಿದದ್ದೆಲ್ಲ ಕೂಲಿ ಮೀನು,” ಎನ್ನುತ್ತಿದ್ದರು.

ಇದನ್ನು ಕೇಳಿದಾಗಲೆಲ್ಲ ಡ್ರೈವರ್ ತಿಪ್ಪೇಶಪ್ಪನಿಗೆ ಮೈ ಉರಿಯುತ್ತಿತ್ತು. ಅವನು ಸಾಸ್ವೆಹಳ್ಳಿಯವನು, ಆ ಕೂಲಿ ಮೀನು ತಿಂದೇ ಮೀಸೆ ಬೆಳೆಸಿದವನು. ಆದರೂ ೧೯೭೯ರ ಮೇ ತಿಂಗಳಲ್ಲಿ ಸಾಹೇಬರು ರಜೆ ಹಾಕಿ ಸ್ವಂತ ಅಂಬಾಸಿಡರಿನಲ್ಲಿ ಟ್ರೌಟ್ ಹಿಡಿಯಲು ನೀಲಗಿರಿಗೆ ಹೊರಟಾಗ ಸ್ಟೇರಿಂಗ್ ಹಿಡಿದ. ಅವನ ಹೆಂಡತಿ ಹನುಮಂತಮ್ಮ ಉಪ್ಪು, ಖಾರ, ಅರಿಶಿನ ಬೆರೆಸಿ ಪೊಟ್ಟಣ ಕಟ್ಟಿಕೊಟ್ಟಳು. “ಎಂಥಾ ಜಂಟಲ್‌ಮನ್ ಆದ್ರೂ ಖಾರ ಹಚ್ಚಿದ ಮ್ಯಾಲೆ ಎಲ್ಲಾ ಒಂದೇ,” ಎಂದಳು.

ಬೆಟ್ಟದ ಹೊಳೆ ಮೊಣಕಾಲಾಳ. ನೀರಿಗೆ ಕಾಲಿಟ್ಟರೆ ಹಲ್ಲು ಕಟಕಟ. ಅಲ್ಲಿ ಹೊಳೆ ಕಾಯುವ, ಬಡಗ ಜನಾಂಗದ ಮುದುಕನೊಬ್ಬನಿದ್ದ. ಅವನ ಮಾತು ನಮ್ಮ ಕನ್ನಡಕ್ಕೆ ದಾಯಾದಿಯ ಹಾಗಿತ್ತು. ಎರೆಹುಳ ಹಾಕಬಾರದು, ಸುಳ್ಳು ನೊಣವೇ ಆಗಬೇಕು. ಒಂಬತ್ತು ಇಂಚಿಗಿಂತ ಸಣ್ಣದು ಸಿಕ್ಕರೆ ವಾಪಸ್ ನೀರಿಗೆ. ಇಷ್ಟು ಹೇಳಿ ಬಂಡೆ ಮೇಲೆ ಕೂತ.

ಸಾಹೇಬರು ಟೋಪಿ ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ ಏನೋ ಗೊಣಗುತ್ತ ಕೋಲು ಬೀಸಿದರು. ಮಧ್ಯಾಹ್ನದೊಳಗೆ ಗಾಳಕ್ಕೆ ಸಿಕ್ಕಿದ್ದು ಎರಡು ಮರ, ಒಂದು ಮುಳ್ಳುಪೊದೆ, ಅವರದೇ ಟೋಪಿ, ಕೊನೆಗೆ ಅವರದೇ ಕಿವಿ.

“ಯವ್ವಾ! ಸತ್ನಲ್ಲೋ ತಿಪ್ಪೇಶಾ!”

ಇಂಗ್ಲಿಷೆಲ್ಲ ಹೊಳೆಯಲ್ಲಿ ಹರಿದುಹೋಗಿ ಬರೀ ಜಗಳೂರು ಉಳಿದಿತ್ತು. ತಿಪ್ಪೇಶಪ್ಪ ತುಟಿ ಕಚ್ಚಿಕೊಂಡು ಕಿವಿಯಿಂದ ನೊಣ ಬಿಡಿಸಿದ.

ಮೂರರ ಹೊತ್ತಿಗೆ ಅಂತೂ ಒಂದು ಮೀನು ಸಿಕ್ಕಿತು. ಮುದುಕ ಅಳೆದು ನೋಡಿದ. ಆರು ಇಂಚು. ಸಾಹೇಬರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ನೀರಿಗೆ ಬಿಟ್ಟರು.

“ಇದೇನ್ರೀ ಸಾಹೇಬ್ರೆ! ಬಿಡಾಕೆ ಇಷ್ಟು ದೂರ ಬಂದ್ವಾ? ಕೊಡ್ರಿ ಇಲ್ಲಿ ಕೋಲು.”

ಕಿವಿ ನೋಯುತ್ತಿದ್ದುದರಿಂದಲೋ ಏನೋ, ಸಾಹೇಬರು ಕೊಟ್ಟುಬಿಟ್ಟರು. ತಿಪ್ಪೇಶಪ್ಪ ಕಾರು ಕಲಿಯುವ ಮೊದಲು ಹತ್ತು ವರ್ಷ ಎತ್ತಿನ ಗಾಡಿ ಹೊಡೆದವನು. ಬಾರುಕೋಲು ಬೀಸಿ ಎತ್ತಿನ ಕಿವಿ ಮೇಲಿನ ನೊಣ ಎಬ್ಬಿಸುತ್ತಿದ್ದ, ಎತ್ತಿಗೆ ಗೊತ್ತಾಗದ ಹಾಗೆ. ಇದೂ ಅದೇ ಕೈ. ದಾರ ತಲೆ ಮೇಲೆ ಹಿಂದಕ್ಕೆ ಹೋಗಿ, ಒಂದು ಗಳಿಗೆ ನಿಂತು, ಮುಂದಕ್ಕೆ ಬಂದು, ಬಂಡೆಯಾಚೆಯ ಸುಳಿಯಲ್ಲಿ ನೊಣವನ್ನು ಮೆಲ್ಲಗೆ ಕೂರಿಸಿತು. ನೀರು ಒಡೆಯಿತು. ಕೋಲು ಬಿಲ್ಲಾಯಿತು. ಎಳೆದಾಡಿ, ಬಗ್ಗಿ, ಸುಳಿಗೇ ಇಳಿದು ಸೊಂಟದವರೆಗೆ ನೆನೆದು ದಡಕ್ಕೆ ತಂದರೆ ಮೈತುಂಬ ಚುಕ್ಕಿಯ ಮೀನು. ಹದಿನಾಲ್ಕು ಇಂಚು!

ಸಾಹೇಬರ ಮುಖ ಸಣ್ಣದಾಯಿತು. “ಒಳ್ಳೇದು. ಈಗ ಬಿಡು ಅದನ್ನ. ನಿಜವಾದ ಬೇಟೆಗಾರ ಹಿಡಿದು ಬಿಡ್ತಾನೆ.”

ಇಷ್ಟು ವರ್ಷದಲ್ಲಿ ತಿಪ್ಪೇಶಪ್ಪ ಅವರ ಮಾತಿಗೆ ಇಲ್ಲ ಎಂದಿರಲಿಲ್ಲ. “ಬಿಡಲ್ರೀ,” ಎಂದ. “ನಾನು ಬೇಟೆಗಾರ ಅಲ್ಲ. ನಂಗೆ ಹಸಿವಾಗೈತೆ.”

ಸಾಹೇಬರು ಮುದುಕನ ಮುಖ ನೋಡಿದರು. ಮುದುಕ ಆಗಲೇ ಸೌದೆ ಆರಿಸುತ್ತಿದ್ದ.

ಖಾರ ಹಚ್ಚಿದ ಮೀನು ಕೆಂಡದ ಮೇಲೆ ಚುರುಗುಟ್ಟತೊಡಗಿತು. ಸಾಹೇಬರು ದೂರದ ಬಂಡೆಯ ಮೇಲೆ ಬೆನ್ನು ಹಾಕಿ ಕೂತು ಬ್ರೆಡ್ ಕಡಿದರು. ಗಾಳಿ ಅತ್ತಲೇ ಬೀಸುತ್ತಿತ್ತು. ಮೊದಲು ತಲೆ ತಿರುಗಿಸಿದರು, ಆಮೇಲೆ ಚಳಿ ಕಾಯಿಸಿಕೊಳ್ಳುವ ನೆಪದಲ್ಲಿ ಎದ್ದುಬಂದರು, ಆಮೇಲೆ ಇಬ್ಬರ ನಡುವೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.

“ತಲೆ ನಂಗಿರ್ಲಿ ಕಣೋ,” ಎಂದರು. “ನಮ್ಮವ್ವ ಸಂತೆ ಮೀನು ತಂದಾಗೆಲ್ಲ ತಲೆ ನಂಗೇ ಇಡ್ತಿದ್ಳು.” ಮುಳ್ಳು ಚೀಪುತ್ತ ಕೂತವರನ್ನು ನೋಡಿ ತಿಪ್ಪೇಶಪ್ಪನಿಗೆ ಅವರ ಮೇಲೆ ಮೊದಲ ಸಲ ಪ್ರೀತಿ ಬಂತು.

ಹೊನ್ನಾಳಿಗೆ ಬಂದ ಮೇಲೆ ಸಾಹೇಬರು ಕಚೇರಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳಿದರು: “ಹಿಡಿದವನು ತಿಪ್ಪೇಶಪ್ಪ. ನನಗೆ ಸಿಕ್ಕಿದ್ದು ಆರು ಇಂಚು.”

ಹೆಡ್ ಗುಮಾಸ್ತ ಧರ್ಮಪ್ಪ ಕೈ ಮುಗಿದ. “ಎಂಥಾ ದೊಡ್ಡ ಮನಸ್ಸು ನೋಡ್ರಿ! ತಾವು ಹಿಡಿದು ಡ್ರೈವರ್ ಹೆಸರು ಹೇಳ್ತಾರೆ.”

ಸಾಹೇಬರು ಆಣೆ ಇಟ್ಟರು. ಕೇಳಿದವರ ಕಣ್ಣಲ್ಲಿ ಅವರ ದೊಡ್ಡತನ ಇನ್ನೂ ಏರಿತು. ಸುದ್ದಿ ಪಕ್ಕದ ನ್ಯಾಮತಿ ದಾಟುವಾಗ ಮೀನು ಎರಡು ಅಡಿಗೆ ಬೆಳೆದಿತ್ತು.

ತಿಪ್ಪೇಶಪ್ಪನಿಗೆ ಮೊದಲ ದಿನ ಸಿಟ್ಟು ಬಂತು, ಎರಡನೇ ದಿನ ನಗು ಬಂತು. ಮೂರನೇ ದಿನ ಚಾದಂಗಡಿಯಲ್ಲಿ ಯಾರೋ, ಮೀನು ನಿಜವಾಗಿ ಹಿಡಿದದ್ದು ಯಾರೆಂದು ಕೇಳಿದರು. “ಹೂನ್ರಿ, ಸಾಹೇಬ್ರೇ ಹಿಡಿದಿದ್ದು,” ಎಂದ. “ನಾನು ಬರೀ ತಿಂದೆ.”