ಕೆಂಪು ಉಣ್ಣೆಯ ಗಂಟು

ಕುಂಚವನ್ನು ಬಾಯಲ್ಲಿ ಕಚ್ಚಿಕೊಂಡೇ ಮರ ಹತ್ತಬೇಕು. ಕೈ ಎರಡೂ ಕೊಂಬೆಗೆ ಬೇಕಲ್ಲ. ಮೇಕೆಕೂದಲಿನ ಕುಂಚ, ದಿನವಿಡೀ ನಾಲಿಗೆಯ ಮೇಲೆ ಮೇಕೆಯ ವಾಸನೆ. ಕೊರಳಿಗೆ ಒಂದು ಪುಟ್ಟ ಸೋರೆಬುರುಡೆ, ಅದರಲ್ಲಿ ಬೇರೆ ಜಾತಿಯ ಬಾದಾಮಿ ಹೂವಿನ ಪರಾಗದ ಹುಡಿ. ಕುಂಚ ಅದ್ದಬೇಕು, ಹೂವಿಗೆ ಮುಟ್ಟಿಸಬೇಕು, ಮತ್ತೆ ಅದ್ದಬೇಕು. ಒತ್ತಿದರೆ ಹೂವು ಕೆಡುತ್ತದೆ, ಒತ್ತದಿದ್ದರೆ ಕಾಯಿ ಹಿಡಿಯುವುದಿಲ್ಲ. ಒಂದು ಕೊಂಬೆಯ ಹೂವೆಲ್ಲ ಮುಗಿದ ಮೇಲೆ ಅದರ ಬುಡಕ್ಕೆ ತನ್ನ ಬಣ್ಣದ ಉಣ್ಣೆಯ ಎಳೆ ಕಟ್ಟಿ ಮುಂದಿನ ಕೊಂಬೆಗೆ ಹೋಗಬೇಕು. ಇಜ್ಜಾಳ ಬಣ್ಣ ನೀಲಿ.

ಇಜ್ಜಾಳಿಗೆ ಹದಿನೇಳು. ಜೇನುಹುಳವನ್ನು ಅವಳು ಕಂಡವಳಲ್ಲ. ಅವಳ ಅಜ್ಜಿ ಮಾಮಾಸ್ ಕಂಡಿದ್ದಳು. ಈ ಅಟ್ಲಾಸ್ ಬೆಟ್ಟದ ತುಂಬ ಜೇನಿತ್ತಂತೆ, ಯಾರೂ ಕರೆಯದೆ ಬಂದು ಹೂವಿನ ಕೆಲಸ ಮುಗಿಸಿ ಹೋಗುತ್ತಿದ್ದವಂತೆ, ಮೇಲೆ ಜೇನುತುಪ್ಪವನ್ನೂ ಕೊಡುತ್ತಿದ್ದವಂತೆ. ಅಜ್ಜಿ ಇದನ್ನು ಹೇಳಿದಾಗಲೆಲ್ಲ ಇಜ್ಜಾಳಿಗೆ ರೇಗುತ್ತಿತ್ತು. ಪುಕ್ಕಟೆ ದುಡಿದು ಸತ್ತುಹೋದವು ಅಷ್ಟೇ ಅಜ್ಜಿ, ಈಗ ನಮ್ಮ ಸರದಿ, ಅನ್ನುತ್ತಿದ್ದಳು.

ಜೇನು ಹೋದ ಮೇಲೆ ಕಲ್ಲಂಗಡಿ ಹೋಯಿತು, ಸೇಬು ಹೋಯಿತು. ಬಾರ್ಲಿ ಉಳಿಯಿತು, ಯಾಕೆಂದರೆ ಅದು ತಾನಾಗಿಯೇ ಕಾಳು ಕಟ್ಟುತ್ತದೆ, ಯಾರ ಹಂಗೂ ಅದಕ್ಕಿಲ್ಲ. ಹಾಗಾಗಿ ಬಡವರಿಗೆ ಮೂರು ಹೊತ್ತೂ ಬಾರ್ಲಿ ಗಂಜಿ. ಬಾದಾಮಿ ಮಾತ್ರ ಬಂಗಾರವಾಯಿತು. ಕರಾವಳಿಯ ಊರುಗಳಲ್ಲಿ ಅದನ್ನು ಒಂದೊಂದಾಗಿ ಎಣಿಸಿ ತಿನ್ನುತ್ತಾರಂತೆ. ಕಣಿವೆಯ ಮೂವತ್ತು ಮೆಟ್ಟಿಲು ತೋಟವೂ ಧಣಿ ಹಾಜ್ ಬಿಹಿಯದು. ಹೂವು ಮುಟ್ಟುವ ನಲವತ್ತು ಹುಡುಗಿಯರೂ ಅವನವರೇ.

ಕೂಲಿ ಏನು ಅಂದರೆ ಗಂಜಿ, ಮತ್ತೆ ನೆರಳು. ನೆರಳು ಅಂದರೆ ನಗಬೇಡಿ. ಬೇಸಿಗೆಯ ಸುಡುವ ನಲವತ್ತು ದಿನ ಈ ಕಣಿವೆಯಲ್ಲಿ ಬಯಲಲ್ಲಿದ್ದವರು ಉಳಿಯುವುದು ಕಷ್ಟ. ಹೋದ ವರ್ಷ ಇಜ್ಜಾಳ ಅವ್ವ ನೀರು ತರಲು ಹೋದವಳು ದಾರಿಯಲ್ಲೇ ಒರಗಿದಳು, ಮತ್ತೆ ಏಳಲಿಲ್ಲ. ಗುಡ್ಡದ ನೆತ್ತಿಯ ಮೇಲೆ ಕಲ್ಲಿನ ಕಣಜವಿದೆ, ಗೋಡೆ ಎರಡು ಮಾರು ದಪ್ಪ, ಒಳಗೆ ಯಾವಾಗಲೂ ತಂಪು. ಹಿಂದೆ ಅದು ಊರಿನದು. ಒಂದೊಂದು ಮನೆತನಕ್ಕೆ ಒಂದೊಂದು ಕೋಣೆ, ಒಂದೊಂದು ಮರದ ಬೀಗದ ಕೈ. ಬರದ ಒಂದು ವರ್ಷ ಹಾಜ್ ಬಿಹಿಯ ತಾತ ಒಂದೊಂದು ಚೀಲ ಬಾರ್ಲಿ ಕೊಟ್ಟು ಬೀಗದ ಕೈಗಳನ್ನೆಲ್ಲ ತೆಗೆದುಕೊಂಡ. ಈಗ ಅಲ್ಲಿ ಬಾದಾಮಿ ಮಲಗುತ್ತದೆ. ಬಿಸಿಲು ತಾಗಿದರೆ ಅದರ ಎಣ್ಣೆ ಕೆಡುತ್ತದಲ್ಲ, ಪಾಪ.

ಹಾಜ್ ಬಿಹಿಯ ಕಟ್ಟಳೆ ಹೀಗಿತ್ತು. ಯಾರ ಬಣ್ಣದ ನೂರು ಕೊಂಬೆ ಕಾಯಿ ಹಿಡಿಯುತ್ತವೋ ಅವಳಿಗೆ ಕಣಜದಲ್ಲಿ ಒಂದು ಕೋಣೆ. ಅವಳ ಜೊತೆಗೆ ಮನೆಯವರು ಒಬ್ಬರು ಇರಬಹುದು. ಎರಡು ವರ್ಷದಿಂದ ಆ ನೂರನ್ನು ದಾಟಿದವಳು ಒಬ್ಬಳೇ, ತುದಾ. ಕೆಂಪು ಉಣ್ಣೆಯ ತುದಾ.

ಇಜ್ಜಾಳಿಗೆ ಅವಳನ್ನು ಕಂಡರೆ ಹೊಟ್ಟೆಯಲ್ಲಿ ಕೆಂಡ. ಮುಚ್ಚಿಡುವುದೇನು, ಹೊಟ್ಟೆಕಿಚ್ಚೇ. ತುದಾಳ ತುಟಿ ಒಡೆದಿರಲಿಲ್ಲ. ಕಣ್ಣಿನ ಸುತ್ತ ಸುಟ್ಟ ಕಲೆ ಇರಲಿಲ್ಲ. ಅವಳಿಗೆ ಕೊಟ್ಟಿದ್ದ ಕೋಣೆಯ ಬಾಗಿಲ ಮೇಲೆ ಅಜ್ಜಿಯ ಮನೆತನದ ಗುರುತು ಕೆತ್ತಿತ್ತು. ಅದು ಅವರದೇ ಕೋಣೆ. ಅದಕ್ಕಿಂತ ಉರಿಯುತ್ತಿದ್ದದ್ದು ಇನ್ನೊಂದು. ತುದಾಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ಅವಳ ಪಕ್ಕದ ಜಾಗ ಎರಡು ಬೇಸಿಗೆ ಸುಮ್ಮನೆ ಖಾಲಿ ಬಿದ್ದಿತ್ತು. ಇತ್ತ ಅಜ್ಜಿ ಆಗಲೇ ಗೋಡೆ ಹಿಡಿದು ನಡೆಯುತ್ತಿದ್ದಳು. ಇನ್ನೊಂದು ಬೇಸಿಗೆಯನ್ನು ಅವಳು ಬಯಲಲ್ಲಿ ಕಳೆಯಲಾರಳು. ಇದು ಇಜ್ಜಾಳಿಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು.

ಹಾಗಾಗಿ ಈ ಸಲ ಇಜ್ಜಾ ಜೀವ ಒತ್ತೆಯಿಟ್ಟು ದುಡಿದಳು. ನೂರೈವತ್ತು ಕೊಂಬೆಗೆ ನೀಲಿ ಕಟ್ಟಿದಳು. ಕೆಳಗಿನ ಮೆಟ್ಟಿಲುಗಳಲ್ಲಿ ಹೂವಿನ ಕೆಲಸ ಮುಗಿದ ಮೇಲೆ ವಾಡಿಕೆಯಂತೆ ಬೇಲಿ ಮುಚ್ಚಿದರು. ಕಾಲಿನ ಸದ್ದಿಗೆ ಎಳೆಗಾಯಿ ಉದುರುತ್ತದೆ, ನಲವತ್ತು ದಿನ ಯಾರೂ ಕಾಲಿಡಬಾರದು, ಅಂತ ಮೇಸ್ತ್ರಿ ಊಬೆಲ್ಲಾ ಹೇಳುತ್ತಿದ್ದ. ಮೇಸ್ತ್ರಿಯಾಗುವ ಮೊದಲು ಅವನು ಹೇಸರಗತ್ತೆಯ ಮೇಲೆ ಹೇರು ಹೊಡೆಯುತ್ತಿದ್ದವನು.

ಬೇಲಿ ತೆಗೆದ ದಿನ ಎಣಿಕೆಯಾಯಿತು. ಊಬೆಲ್ಲಾ ಮರದ ಕೆಳಗೆ ನಡೆಯುತ್ತ ಕೂಗುತ್ತ ಹೋದ. ನೀಲಿ ನಲವತ್ತಕ್ಕೆ ನಿಂತಿತು. ಕೆಂಪು ಇನ್ನೂರು ದಾಟಿತು.

"ನನ್ನ ಕೊಂಬೆಗಳೆಲ್ಲ ಎಲ್ಲಿ ಹೋದ್ವು?" ಅಂದಳು ಇಜ್ಜಾ.

"ಕಾಯಿ ಕಚ್ಚಲಿಲ್ಲ, ಎಳೆ ಕೊಯ್ದು ಹಾಕಿದ್ವಿ. ಕೈಗುಣ ಅಂತ ಒಂದಿರತ್ತೆ ಕಣಮ್ಮ. ತುದಾನ ನೋಡಿ ಕಲಿ."

ಹುಡುಗಿಯರು ಊಬೆಲ್ಲಾನ ಕಡೆ ನೋಡಲಿಲ್ಲ. ಎಲ್ಲರೂ ತುದಾಳ ಕಡೆಗೇ ನೋಡಿದರು. ಹಳದಿ ಉಣ್ಣೆಯ ಯಮ್ನಾ, ಕಂಕುಳಲ್ಲಿ ಕೂಸಿದ್ದವಳು, ನೆಲಕ್ಕೆ ಉಗಿದಳು.

ಮರುದಿನ ಮೇಲಿನ ಮೆಟ್ಟಿಲುಗಳಲ್ಲಿ ಹೂವಿನ ಕೆಲಸ ಶುರುವಾಯಿತು. ಮಟಮಟ ಮಧ್ಯಾಹ್ನ ಎಲ್ಲರೂ ಕಲ್ಲುಗೋಡೆಯ ಬದಿಗೆ ಮೈ ಚಾಚಿದ್ದಾಗ ಇಜ್ಜಾ ಎದ್ದು ಕೆಳಗಿನ ಮೆಟ್ಟಿಲಿಗೆ ಇಳಿದಳು. ಕೈಯಲ್ಲಿ ಉಣ್ಣೆ ಕೊಯ್ಯುವ ಚಾಕು. ಒಳ್ಳೆಯ ಯೋಚನೆಯೇನೂ ಅವಳ ತಲೆಯಲ್ಲಿರಲಿಲ್ಲ. ಕೆಂಪು ಎಳೆಗಳನ್ನು ಕಿತ್ತುಹಾಕಿ ತನ್ನ ನೀಲಿ ಕಟ್ಟಿ, ಮತ್ತೆ ಎಣಿಸಿ ಎಂದು ಹಟ ಹಿಡಿಯಬೇಕು, ತುದಾಳನ್ನು ಬಿಸಿಲಿಗೆ ದಬ್ಬಬೇಕು, ಅಷ್ಟೇ.

ಮೊದಲ ಮರ ಹತ್ತಿ ಕೆಂಪು ಎಳೆಯನ್ನು ಹಿಡಿದಳು. ಚಾಕು ಬೇಕಾಗಲೇ ಇಲ್ಲ. ತುದಿ ಎಳೆದದ್ದೇ ತಡ, ಗಂಟು ಸರ್ರನೆ ಬಿಚ್ಚಿಕೊಂಡಿತು.

ಇಜ್ಜಾ ಬಿಚ್ಚಿದ ಎಳೆಯನ್ನು ತಿರುಗಿಸಿ ನೋಡಿದಳು. ಈ ಬೆಟ್ಟದ ಹೆಣ್ಣುಮಕ್ಕಳು ನಡೆಯುವ ಮೊದಲೇ ಮಗ್ಗದ ಮುಂದೆ ಕೂತವರು. ಅವರು ಹಾಕುವುದು ಕಂಬಳಿಯ ಗಂಟು. ಎರಡು ತುದಿಯೂ ಒಳಗೆ ಸೇರಿಹೋಗುತ್ತವೆ, ಹಲ್ಲಿನಿಂದ ಕಚ್ಚಿದರೂ ಬಿಚ್ಚುವುದಿಲ್ಲ. ಒಂದೇ ಎಳೆತಕ್ಕೆ ಬಿಚ್ಚುವುದು ಹೇರಿನ ಗಂಟು. ಹೇಸರಗತ್ತೆ ಕಾಲು ಜಾರಿದರೆ ಹೊರೆಯನ್ನು ಕೂಡಲೇ ಕಳಚಬೇಕಲ್ಲ, ಅದಕ್ಕೆ ಹಾಕುವಂಥದ್ದು. ಆ ಗಂಟನ್ನು ಈ ತೋಟದಲ್ಲಿ ಹಾಕುವ ಗಂಡಸು ಒಬ್ಬನೇ, ಊಬೆಲ್ಲಾ.

ಗಂಟಿದ್ದ ಜಾಗದಲ್ಲಿ ಮರದ ಅಂಟು ಒಸರಿ ಒಣಗಿತ್ತು. ಅದರೊಳಗೆ ಕೂದಲಿನಷ್ಟು ನೀಲಿ ಸಿಕ್ಕಿಕೊಂಡಿತ್ತು. ಅವಳದೇ ನೀಲಿ. ಮುಂದಿನ ಮರದ ಅಂಟಿನಲ್ಲಿ ಹಳದಿ. ಅದರಾಚೆ ಹಸಿರು. ಇಪ್ಪತ್ತು ಮರ ಹತ್ತಿ ಇಳಿದಳು. ಕಂಬಳಿ ಗಂಟು ಹಾಕಿದ ಕೆಂಪು ಎಳೆ ಎಲ್ಲೋ ಒಂದೊಂದು. ತುದಾ ನಿಜವಾಗಿ ಕಾಯಿ ಹಿಡಿಸಿದ್ದು ಎಲ್ಲರಷ್ಟೇ.

ಮೇಲೆ ಬಂದು ತುದಾಳ ರಟ್ಟೆ ಹಿಡಿದು ಎಳೆದೊಯ್ದು ತೋರಿಸಿದಳು. ಕಳ್ಳಿ, ಅನ್ನಬೇಕೆಂದು ಬಾಯಿ ತೆರೆದಿದ್ದಳು. ತುದಾ ಹೇರಿನ ಗಂಟನ್ನು ಒಂದು, ಎರಡು, ಮೂರು ಬಿಚ್ಚಿ ನೋಡಿದಳು. ಅವಳ ಮುಖ ಇಳಿದುಹೋಯಿತು.

"ನನ್ ಕೈಗುಣ ಅಂದ್ಕೊಂಡಿದ್ದೆ ಕಣೇ," ಅಂದಳು. "ಎರಡು ವರ್ಷ ಹಂಗೇ ಅಂದ್ಕೊಂಡಿದ್ದೆ."

ಆಮೇಲೆ ಮೆಲ್ಲಗೆ ಅವಳೇ ಲೆಕ್ಕ ಬಿಡಿಸಿದಳು. ಎಲ್ಲರ ಕೊಂಬೆಯನ್ನೂ ಒಬ್ಬಳ ಹೆಸರಿಗೆ ಹಾಕಿದರೆ ಕೊಡಬೇಕಾದ್ದು ಒಂದೇ ಕೋಣೆ. ಆ ಒಬ್ಬಳಿಗೆ ಹಿಂದೆ ಮುಂದೆ ಯಾರೂ ಇಲ್ಲದಿದ್ದರೆ ಮೂಲೆಯಲ್ಲಿ ಇನ್ನಷ್ಟು ಚೀಲ ಹಿಡಿಯುತ್ತದೆ. "ನನ್ನ ಪಕ್ಕ ಜಾಗ ಖಾಲಿ ಇತ್ತು ಅಂದ್ಕೊಂಡಿದ್ಯಾ? ಕುತ್ತಿಗೆವರೆಗೂ ಬಾದಾಮಿ ಚೀಲ."

ಮರುದಿನ ಬೆಳಿಗ್ಗೆ ಹಾಜ್ ಬಿಹಿ ಮೇಲಿನ ಮೆಟ್ಟಿಲುಗಳಿಗೆ ಬಂದ. ಮೇಲೆ ಚಳಿ ಹೆಚ್ಚು, ಅಲ್ಲಿ ಹೂವು ತಡ. ಮರಗಳೆಲ್ಲ ಆಗಷ್ಟೇ ಬಿರಿದು ಬೆಳ್ಳಗಾಗಿದ್ದವು, ಮೂರು ದಿನದಲ್ಲಿ ಮುಟ್ಟಿ ಮುಗಿಸದಿದ್ದರೆ ಅರ್ಧ ಬೆಳೆ ಹೋದಂತೆ. ಏಣಿಗಳ ಹತ್ತಿರ ನಲವತ್ತು ಜನವೂ ನಿಂತಿದ್ದಾಗ ಇಜ್ಜಾ ಮುಂದೆ ಬಂದು ಒಂದು ಕೆಂಪು ಎಳೆಯನ್ನು ಊಬೆಲ್ಲಾನ ಕಡೆ ಚಾಚಿದಳು.

"ಮಾವಾ, ಈ ಕೊಂಬೆಗೆ ಒಂದು ಗಂಟು ಹಾಕಿ ನೋಡೋಣ."

ಊಬೆಲ್ಲಾ ನಕ್ಕು ಎಳೆ ತೆಗೆದುಕೊಂಡ. ಮೂವತ್ತು ವರ್ಷ ಹೇರು ಕಟ್ಟಿದ ಬೆರಳು, ಯೋಚಿಸದೆ ಸುತ್ತಿ ಬಿಗಿಯಿತು. ಇಜ್ಜಾ ತುದಿ ಹಿಡಿದು ಎಳೆದಳು. ಬಿಚ್ಚಿತು. ಪಕ್ಕದಲ್ಲೇ ತುದಾ ಒಂದು ಗಂಟು ಹಾಕಿದಳು. ಯಮ್ನಾ ಬಂದು ಎಳೆದಳು, ಜಗ್ಗಿದಳು, ಬಿಚ್ಚಲಿಲ್ಲ. ಕೆಳಗಿನ ಮರಗಳಲ್ಲಿ ಕಂಡದ್ದನ್ನು ಇಜ್ಜಾ ಒಂದೂ ಬಿಡದೆ ಹೇಳಿದಳು.

ಹಾಜ್ ಬಿಹಿ ಒರಟನಲ್ಲ. ಇಜ್ಜಾಳ ಭುಜದ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದ. "ಬುದ್ಧಿವಂತೆ ನೀನು, ಮಗಳೇ. ಆ ಕೋಣೆ ನಿಮ್ಮ ಮನೆತನದ್ದೇ ಅಲ್ವಾ. ಇವತ್ತೇ ಚೀಲ ಸರಿಸ್ತೀನಿ. ನೀನು, ನಿನ್ನಜ್ಜಿ. ತುದಾ ಎಲ್ಲಾದ್ರೂ ನೋಡ್ಕೊಳ್ಲಿ."

ಸುಳ್ಳೇಕೆ ಹೇಳಲಿ, ಇಜ್ಜಾಳಿಗೆ ಖುಷಿಯಾಯಿತು. ತಂಪು ಗೋಡೆಗೆ ಬೆನ್ನು ಕೊಟ್ಟು ಕೂತ ಅಜ್ಜಿ ಕಣ್ಣಿಗೆ ಬಂದಳು. ತುದಾ ಬಿಸಿಲಲ್ಲಿ ನಿಂತದ್ದೂ ಕಣ್ಣಿಗೆ ಬಂತು, ಅದೂ ಹಿತವಾಗಿಯೇ ಇತ್ತು. ಹೂಂ ಅನ್ನುವುದೊಂದೇ ಬಾಕಿ.

ಅಷ್ಟರಲ್ಲಿ ಊಬೆಲ್ಲಾ ತನ್ನ ಚೀಲಕ್ಕೆ ಕೈ ಹಾಕಿ ಒಂದು ದೊಡ್ಡ ಉಣ್ಣೆಯುಂಡೆ ತೆಗೆದ. ನೀಲಿ. ಧಣಿಯ ಮನಸ್ಸು ಅರಿತ ಆಳು, ಹೇಳುವ ಮೊದಲೇ ಎಲ್ಲರ ಕೊಂಬೆಗೂ ನೀಲಿ ಕಟ್ಟಲು ಸಿದ್ಧನಾಗಿದ್ದ. ಇಜ್ಜಾ ಆ ಉಂಡೆಯನ್ನು ನೋಡಿದಳು. ತಿರುಗಿ ಯಮ್ನಾಳನ್ನು ನೋಡಿದಳು. ಯಮ್ನಾ ಕೂಸನ್ನು ಅವಚಿಕೊಂಡು ಇಜ್ಜಾಳನ್ನೇ ನೋಡುತ್ತಿದ್ದಳು. ಆ ನೋಟ ಇಜ್ಜಾಳಿಗೆ ಚೆನ್ನಾಗಿ ಪರಿಚಯವಿತ್ತು. ಎರಡು ವರ್ಷ ಅವಳೇ ಅದನ್ನು ತುದಾಳ ಮೇಲೆ ಇಟ್ಟಿದ್ದಳು.

ಅವಳು ಭುಜದ ಮೇಲಿನ ಕೈ ಸರಿಸಿ ವಾಪಸ್ಸು ಬಂದಳು. ಮೇಲಿನ ಮರಗಳಲ್ಲಿ ಹಿಂದಿನ ದಿನ ತಾನು ಕಟ್ಟಿದ್ದ ನೀಲಿ ಎಳೆಗಳನ್ನು ಒಂದೊಂದಾಗಿ ಕೊಯ್ದು ಕೆಳಗೆ ಹಾಕಿದಳು. ತುದಾ ಮುಂದೆ ಬಂದು ತನ್ನ ಕೆಂಪನ್ನು ಕೊಯ್ದಳು. ಆಮೇಲೆ ಹಳದಿ, ಹಸಿರು, ಕಪ್ಪು. ನೋಡುತ್ತಿದ್ದಂತೆ ಮರಗಳಲ್ಲಿ ಹೂವು ಬಿಟ್ಟರೆ ಯಾವ ಬಣ್ಣವೂ ಉಳಿಯಲಿಲ್ಲ.

"ಈಗ ಎಣಿಸಿ," ಅಂದಳು ಇಜ್ಜಾ. "ಯಾರ್ದು ಯಾವ ಕೊಂಬೆ, ಹೇಳಿ. ಇಲ್ಲಾಂದ್ರೆ ಎಲ್ಲಾರ್ಗೂ ಕೋಣೆ ಕೊಡಿ."

ನಲವತ್ತು ಕುಂಚಗಳು ಕಲ್ಲಿನ ಮೇಲೆ ಸಾಲಾಗಿ ಬಿದ್ದವು. ಹುಡುಗಿಯರು ಮರದ ಕೆಳಗೆ ಕಾಲು ಚಾಚಿ ಕೂತರು. ಹಾಜ್ ಬಿಹಿ ಬೇರೆ ಹಳ್ಳಿಯಿಂದ ಜನ ತರಿಸುತ್ತೇನೆಂದ. ಬರುವಷ್ಟರಲ್ಲಿ ಹೂವು ಉದುರುತ್ತದೆ, ಏಣಿ ಇದೆ, ಕುಂಚ ಇದೆ, ಹತ್ತಿ ನೋಡಿ, ಅಂದಳು ಯಮ್ನಾ. ಅವನು ನಿಜಕ್ಕೂ ಒಂದು ಕುಂಚ ಎತ್ತಿಕೊಂಡ. ಕೈಗೆಟುಕಿದ ನಾಲ್ಕು ಹೂವು ಮುಟ್ಟಿದ. ನಾಲ್ಕೂ ಕಳಚಿ ಬಿದ್ದವು.

ಬಿಸಿಲೇರಿತು. ಯಾರೋ ಹೋಗಿ ಅಜ್ಜಿ ಮಾಮಾಸಳನ್ನು ಕೈಹಿಡಿದು ಕರೆತಂದು ಮರದಡಿ ಕೂರಿಸಿದರು.

"ಆ ಕೋಣೇಲಿ ಜಾಸ್ತಿ ತಂಪು ಯಾವ ಗೋಡೆ?" ಇಜ್ಜಾ ತುದಾಳನ್ನು ಕೇಳಿದಳು.

"ಎಡಗಡೆದು."

"ಅಲ್ಲಿ ಅಜ್ಜಿ. ಅವಳ ಪಕ್ಕ ನಾನು. ನೀನು ಬಾಗಿಲ ಹತ್ರ."

"ನಾನ್ಯಾಕೆ ಬಾಗಿಲ ಹತ್ರ?"

"ಎರಡು ಬೇಸಿಗೆ ಸುಖವಾಗಿ ಮಲಗಿದ್ದೀಯಲ್ಲ, ಅದಕ್ಕೆ."

ಹೊತ್ತು ಇಳಿಯುವಾಗ ಮೊದಲ ಹೂವು ತಾನಾಗಿ ಉದುರಿತು. ಆಗ ಊಬೆಲ್ಲಾ ಕಣಜದ ಕಡೆಯಿಂದ ಮೆಟ್ಟಿಲಿಳಿದು ಬಂದು ಇಜ್ಜಾಳ ಮುಂದೆ ಮರದ ಬೀಗದ ಕೈ ಚಾಚಿದ. ಹಳೆಯ ಬೀಗದ ಕೈ, ಅದರ ಹಿಡಿಯ ಮೇಲೆ ಅಜ್ಜಿಯ ಮನೆತನದ ಗುರುತಿತ್ತು. ಅಜ್ಜಿ ಅದನ್ನು ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಅವನ ಇನ್ನೊಂದು ಕೈಯನ್ನು ನೋಡಿದಳು. ಅದು ಖಾಲಿ ಇತ್ತು, ಬೇರೆ ಮನೆಗಳ ಬೀಗದ ಕೈ ಒಂದೂ ಇರಲಿಲ್ಲ.

ಯಾರೂ ಏಳಲಿಲ್ಲ.