ಉಗುಳು ಹಚ್ಚಿದ ಎಳೆ

ಮೋತಿಬಿ ಸುಮ್ಮನಿದ್ದಿದ್ದರೆ ಸಾಕಿತ್ತು. ಸುಳ್ಳೇನೂ ಹೇಳಬೇಕಿರಲಿಲ್ಲ. ಆದರೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆಲ್ಲ ಬೆಟಗೇರಿಯಿಂದ ನಡೆದುಕೊಂಡೇ ಬಂದು ಗದಗಿನ ನಮ್ಮ ಕಾಲೇಜಿನ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ನನ್ನ ಕಣ್ಣು ತಪ್ಪಿಸಿ ನೆಲ ನೋಡುತ್ತಿದ್ದಳು.

ನಾನು ಪೊಟ್ಟಣಗಳನ್ನು ಮೂರನೆಯ ಸಲ ಎಣಿಸುತ್ತಿದ್ದೆ. ಹನ್ನೊಂದು. ಒಂದೊಂದರಲ್ಲೂ ಅವಳು ನೇಯ್ದ ಬೆರಳಗಲದ ರೇಷ್ಮೆ ಪಟ್ಟಿ. ಮಂಗಳವಾರ ಪಶುವೈದ್ಯರು ಅವನ್ನು ಮೊಲಗಳ ಕಾಲಿನಲ್ಲಿ ಸ್ನಾಯುರಜ್ಜುವಿನ ಬದಲಿಗೆ ಹೊಲಿಯುವವರಿದ್ದರು. ಸ್ನಾಯುರಜ್ಜು ಎಂದರೆ ಮಾಂಸವನ್ನು ಎಲುಬಿಗೆ ಬಿಗಿದಿರುವ ಹುರಿ. ಅದು ತುಂಡಾದರೆ ಬೆರಳು ಇದ್ದೂ ಇಲ್ಲದಂತೆ. ರೇಷ್ಮೆಯ ಅಂಟನ್ನು ಕುದಿಸಿ ತೆಗೆದು ನೇಯ್ದರೆ ಅದರ ಮೇಲೆ ಜೀವಕೋಶಗಳು ಚಪ್ಪರಕ್ಕೆ ಬಳ್ಳಿ ಹಬ್ಬಿದಂತೆ ಹಬ್ಬುತ್ತವೆ. ನಿಧಾನವಾಗಿ ರೇಷ್ಮೆ ಕರಗಿ ಹೊಸ ಹುರಿ ಉಳಿಯುತ್ತದೆ. ಇದು ನಮ್ಮ ಶೋಧವೇನಲ್ಲ, ಜಗತ್ತಿನ ಹಲವು ಕಡೆ ಈ ಕೆಲಸ ನಡೆದಿದೆ. ನಮ್ಮದು ಅಂತ ಇದ್ದದ್ದು ಕೈಮಗ್ಗದ ಬಿಗಿ ನೇಯ್ಗೆ. ಯಂತ್ರದಲ್ಲಿ ನಾವು ನೇಯಿಸಿದ ಪಟ್ಟಿ ಹತ್ತು ಸಾವಿರ ಸಲ ಎಳೆಯುವಷ್ಟರಲ್ಲಿ ಸಡಿಲಾಗುತ್ತಿತ್ತು, ಮೋತಿಬಿಯದು ಜಪ್ಪಯ್ಯ ಅನ್ನುತ್ತಿರಲಿಲ್ಲ.

ಮಂಗಳವಾರದ ಸರದಿ ತಪ್ಪಿದರೆ ಮತ್ತೆ ನಾಲ್ಕು ತಿಂಗಳು ಕಾಯಬೇಕು. ಮೂರು ವರ್ಷದ ನನ್ನ ಸಂಶೋಧನೆ ಆ ಹನ್ನೊಂದು ಪೊಟ್ಟಣಗಳಲ್ಲಿತ್ತು. ವಾರದಿಂದ ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಒದ್ದಾಡುತ್ತಿದ್ದೆ.

"ಕಾಂಚನಾ, ಒಂದ ಮಾತ ಹೇಳೂದಿತ್ತು. ಸಿಟ್ಟ ಆಗಬ್ಯಾಡ."

"ಆಗಂಗಿಲ್ಲ, ಹೇಳ್ರಿ," ಎಂದೆ. ಸಿಟ್ಟು ಆಗಲೇ ಬಂದಿತ್ತು. ಹೀಗೆ ಶುರುವಾದ ಮಾತು ಯಾವತ್ತಾದರೂ ನೆಟ್ಟಗೆ ಮುಗಿದಿದೆಯೇ?

"ನೀ ನಿಮ್ಮ ಬಸರಿ ಅಕ್ಕನ ಕುಬಸಕ್ಕ ಮುಂಡರಗಿಗಿ ಹೋಗಿದ್ದೆಲ್ಲ, ಅವತ್ತ ಎರಡ ಸಲ ಎಳಿ ಹರೀತು. ಕೂಡಿಸಿದೆ. ನಿನ್ನೆ ಮನ್ಯಾಗ ಸೀರಿ ಮಗ್ಗದ ಮ್ಯಾಲೆ ಎಳಿ ಕೂಡಿಸಾಕ ಹೋದೆ ನೋಡು, ಕೈ ತನ್ನಷ್ಟಕ್ಕ ತಾನ ಬಾಯಿಗಿ ಹೋತು. ಆಗ ನೆನಪಾತು. ಅವತ್ತೂ ಉಗುಳ ಹಚ್ಚೇನಿ."

ನೇಕಾರರ ಮನೆಯಲ್ಲಿ ಹರಿದ ಎಳೆಯನ್ನು ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು ಹೊಸೆದು ಕೂಡಿಸುತ್ತಾರೆ. ಬೂದಿ ಇಲ್ಲದಿದ್ದರೆ ಉಗುಳು. ಬೂದಿ ಬೇಡ, ಗಂಜಿ ಬೇಡ, ಎಣ್ಣೆ ಬೇಡ, ಬಳೆ ಬೇಡ ಎಂದು ಮೊದಲ ದಿನವೇ ದೊಡ್ಡ ಪಂಡಿತಳಂತೆ ಪಟ್ಟಿ ಓದಿದ್ದೆ. ಉಗುಳು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮುಖಗವಸನ್ನು ಗದ್ದಕ್ಕೆ ಜಾರಿಸಿ, ಕೈಗವಸಿನ ಬೆರಳನ್ನೇ ತುಟಿಗೆ ಒತ್ತಿ, ನಲವತ್ತು ವರ್ಷದ ರೂಢಿಯಂತೆ ಅವಳು ಕೆಲಸ ಮುಗಿಸಿದ್ದಳು.

"ಯಾವ ಪಟ್ಟಿಯೊಳಗ?"

"ಅದನ್ನ ಹೆಂಗ ಹೇಳ್ಲಿ? ನಾ ಕೂಡಿಸಿದ ಎಳಿ ನನಗೂ ಕಾಣಂಗಿಲ್ಲ." ಆ ಸಂಕಟದಲ್ಲೂ ಮಾತಿನಲ್ಲಿ ಚೂರು ಜಂಬವಿತ್ತು.

ಪೊಟ್ಟಣಗಳ ಮೇಲೆ ನಾನು ದಿನ ಬರೆದಿರಲಿಲ್ಲ. ಎಲ್ಲ ಬೆರೆತುಹೋಗಿದ್ದವು. ಪರೀಕ್ಷೆಗೆ ಹಾಕಿದ ಪಟ್ಟಿ ಮತ್ತೆ ಬಳಕೆಗೆ ಬರುವುದಿಲ್ಲವೆಂದು ಮೊದಲ ದಿನದ ಒಂದನ್ನು ಮಾತ್ರ ಪರೀಕ್ಷಿಸಿದ್ದೆ. ಅದು ಶುದ್ಧವಾಗಿತ್ತು. ಆ ವರದಿ ನನ್ನ ಮೇಜಿನ ಮೇಲೇ ಇತ್ತು, ಸಹಿ ಸಮೇತ. ಯಾರೂ ಏನೂ ಕೇಳುತ್ತಿರಲಿಲ್ಲ.

"ಎಲ್ಲಾನೂ ಬಿಸಿ ಉಗಿಯೊಳಗ ಇಟ್ಟ ತಗದೇವ್ರಿ," ಎಂದೆ. "ಉಗುಳಿನ ಕ್ರಿಮಿ ಇದ್ರೂ ಸತ್ತ ಹೋಗಿರತಾವ."

"ಸತ್ತ ಮ್ಯಾಲೆ ಎಲ್ಲಿ ಹೋಗತಾವ?"

ನಾನು ಕಿಟಕಿಯ ಕಡೆ ನಡೆದೆ, ತಿರುಗಿ ಬಂದೆ. ಪ್ರಬಂಧದ ಮೊದಲ ಅಧ್ಯಾಯದಲ್ಲಿ ನಾನೇ ಬರೆದಿದ್ದೆ: ಕ್ರಿಮಿ ಸತ್ತರೂ ಅದರ ಹೊರಪದರದ ವಿಷ ಉಗಿಗೆ ಬಗ್ಗುವುದಿಲ್ಲ, ಅಷ್ಟಕ್ಕೇ ಮೈ ಬಾತುಕೊಳ್ಳಬಹುದು.

"ಅಲ್ಲೇ ಇರತಾವ," ಎಂದೆ ಕೊನೆಗೆ. ಹಾಗೆಂದ ಮೇಲೆ ತಡೆಯಲಾಗಲಿಲ್ಲ. "ಯಾಕ ಹೇಳಾಕ ಬಂದ್ರಿ? ಯಾರಿಗೆ ಗೊತ್ತಾಗತಿತ್ತು? ಮಂಗಳವಾರ ಮುಗದ ಹೋಗತಿತ್ತಲ್ರೀ!"

ಪಕ್ಕದ ಕೋಣೆಯವರು ಇಣುಕಿ ನೋಡಿದರು. ನನಗೆ ನಾಚಿಕೆಯಾಯಿತು, ಆದರೂ ಸಿಟ್ಟು ಇಳಿಯಲಿಲ್ಲ.

ಮೋತಿಬಿ ಸಿಟ್ಟಾಗಲಿಲ್ಲ. ಅವಳ ಮಗ ಇಲಿಯಾಸನ ಬಲಗೈ ಹೆಬ್ಬೆರಳಿನ ಹುರಿ ವಿದ್ಯುತ್ ಮಗ್ಗಕ್ಕೆ ಸಿಕ್ಕು ತುಂಡಾಗಿ ಮೂರು ವರ್ಷವಾಗಿತ್ತು. ಆ ಬೆರಳು ಬಾಗುವುದಿಲ್ಲ. ಮೊದಲ ಸಲ ಅವರ ಮನೆಗೆ ಹೋದಾಗ ಅವಳು ಒಂದೇ ಪ್ರಶ್ನೆ ಕೇಳಿದ್ದಳು: ಇದು ನನ್ನ ಮಗನಿಗೆ ಯಾವಾಗ? ಎಲ್ಲ ಸರಿ ಹೋದರೂ ಹತ್ತು ವರ್ಷ ಬೇಕು ಎಂದಿದ್ದೆ. ಹತ್ತು ವರ್ಷಕ್ಕೆ ಅವನಿಗೆ ನಲವತ್ತು, ನಡೆಯುತ್ತದೆ ಎಂದು ಮರುದಿನವೇ ಮಗ್ಗ ಹೂಡಿದ್ದಳು.

"ನಾ ಮೊಲಕ್ಕ ನೇಯ್ದಿಲ್ಲ, ಇಲಿಯಾಸಗ ನೇಯ್ದೇನಿ," ಎಂದಳು ಈಗ. "ಮೊಲದ ಕಾಲ ಬಾತ್ರ ನೀವ ಏನ ಬರಕೋತೀರಿ? ರೇಷ್ಮಿ ಮೈಗಿ ಒಗ್ಗಲಿಲ್ಲ ಅಂತ ಬರದ ಕಡತ ಮುಚ್ಚತೀರಿ. ತಪ್ಪ ನನ್ನ ಉಗುಳಿಂದು, ಹೆಸರ ಕೆಡೂದು ರೇಷ್ಮಿದು. ಆಮ್ಯಾಲೆ ನನ್ನ ಮಗನ ಕೈಗಿ ಯಾರ ಏನ ಹಾಕತಾರ?"

ನಾನು ಕತ್ತರಿ ತೆಗೆದುಕೊಂಡು ಮೊದಲ ಪೊಟ್ಟಣ ಹರಿದೆ. ಒಮ್ಮೆ ಗಾಳಿ ತಾಗಿದರೆ ಮನಸ್ಸು ಬದಲಿಸುವಂತಿರಲಿಲ್ಲ, ಅದಕ್ಕೇ ಹನ್ನೊಂದನ್ನೂ ಅವಳೆದುರೇ ಹರಿದು ಹಾಕಿದೆ. ಮಾರ್ಗದರ್ಶಕರಿಗೆ ಫೋನು ಮಾಡಿದಾಗ, "ಹನ್ನೊಂದೂ?" ಎಂದು ಎರಡು ಸಲ ಕೇಳಿದರು. "ಪಶುವೈದ್ಯರಿಗೆ ನೀನೇ ಹೇಳು," ಎಂದರು ಆಮೇಲೆ. ಹೇಳಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಬಚ್ಚಲಿಗೆ ಹೋಗಿ ಅತ್ತೆ. ಮುಖ ತೊಳೆದು ಹೊರಗೆ ಬಂದರೆ ಮೋತಿಬಿ ಇನ್ನೂ ಅಲ್ಲೇ ನಿಂತಿದ್ದಳು. "ಸೋಮವಾರ ಜಲ್ದಿ ಬಾ," ಎಂದು ಹೇಳಿ ಹೋದಳು.

ಸೋಮವಾರ ಬೆಟಗೇರಿಯಲ್ಲಿ ಈ ಪಟ್ಟಿಗಳಿಗೆಂದೇ ಮೀಸಲಿಟ್ಟಿದ್ದ ಚಿಕ್ಕ ಕೋಣೆಯನ್ನು ಮತ್ತೆ ತೊಳೆದು ಒರೆಸಿ, ಹೊಸ ರೇಷ್ಮೆ ಹೂಡಿದೆವು. ಮೂರನೆಯ ಪಟ್ಟಿಗೆ ಎಳೆ ಹರಿಯಿತು. ಮೋತಿಬಿಯ ಕೈ ಮೇಲೆದ್ದು ಮುಖಗವಸಿಗೆ ಬಡಿದು ನಿಂತಿತು.

"ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲ," ಎಂದು ತನ್ನನ್ನೇ ಬೈದುಕೊಂಡಳು. "ಇಲಿಯಾಸ, ನೀರ ಹಾಕಲೇ."

ಅದಕ್ಕೆಂದೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಶುದ್ಧ ನೀರಿನ ಪುಟ್ಟ ಕೊಳವೆಯನ್ನು ಅವನು ತೋರುಬೆರಳು, ನಡುಬೆರಳಿನ ನಡುವೆ ಸಿಕ್ಕಿಸಿ ಹಿಡಿದಿದ್ದ. ಕೈಗವಸಿನೊಳಗೆ ಹೆಬ್ಬೆರಳು ನೆಟ್ಟಗೆ ನಿಂತಿತ್ತು. ಮೊದಲ ಹನಿ ನೆಲಕ್ಕೆ ಬಿತ್ತು, ಎರಡನೆಯದು ತಾಯಿಯ ಬೆರಳಿಗೆ. ಅವಳು ಹೊಸೆದಳು. ನಾನು ಬಗ್ಗಿ ನೋಡಿದೆ, ಎಲ್ಲಿ ಕೂಡಿಸಿದಳೆಂದು ಗೊತ್ತಾಗಲಿಲ್ಲ.

ಮೋತಿಬಿ ಉಗುರಿನ ತುದಿಯಿಂದ ಆ ಜಾಗ ತೋರಿಸಿದಳು.

"ಇಲ್ಲೆ ಐತಿ. ಬರಕೋ."